ಟೋಕಿಯೋದಲ್ಲಿ ಹದಿನೆಂಟು ದಿನ: ದೇವಸ್ಥಾನ, ಫ್ಯೂಜಿ ಬಿಟ್ಟು ಹಾಡು, ಸಿನಿಮಾ, ಬಟ್ಟೆ, ರಾತ್ರಿ ತಿರುಗಾಟ ಎಲ್ಲೆಲ್ಲಿ?

ಕೊನೇಬೆಂಚ್_ಗಿಟಾರು

ಎಲ್ರಿಗೂ ನಮಸ್ಕಾರ. ಆಫೀಸ್ ಕೆಲಸದ ಮೇಲೆ ಟೋಕಿಯೋಗೆ ಕಳಿಸ್ತಿದಾರೆ, ಅಕ್ಟೋಬರ್ ಮಧ್ಯದಿಂದ ನವೆಂಬರ್ ಶುರುವಿನ ತನಕ, ಒಟ್ಟು ಹದಿನೆಂಟು ದಿನ. ಹೋಟೆಲ್ ಶಿಂಜುಕು ಸ್ಟೇಷನ್‌ನಿಂದ ನಡ್ಕೊಂಡು ಹೋಗೋಷ್ಟು ದೂರ. ಸಂಜೆ ಆರರ ಮೇಲೆ ಫ್ರೀ, ಶನಿವಾರ ಭಾನುವಾರ ಪೂರ್ತಿ ನಂದೇ. ನೆಟ್‌ನಲ್ಲಿ ಹುಡುಕಿದ್ರೆ ಬರೀ ದೇವಸ್ಥಾನ, ಟವರು, ಶಿಬುಯಾ ಕ್ರಾಸಿಂಗಲ್ಲಿ ನಿಂತು ಫೋಟೋ, ಫ್ಯೂಜಿಗೆ ಒಂದ್ ದಿನದ ಟೂರು, ಇಷ್ಟೇ. ನಂಗೆ ಅದು ಬೇಡ. ಆ ಊರಿನವ್ರು ಸಂಜೆ ಆದ್ಮೇಲೆ ಏನ್ ಕೇಳ್ತಾರೆ, ಎಲ್ಲಿ ಕುಣೀತಾರೆ, ಯಾವ ಸಿನಿಮಾ ನೋಡ್ತಾರೆ, ಏನ್ ಹಾಕ್ಕೋತಾರೆ, ಅದು ನೋಡ್ಬೇಕು.

ನನ್ ಬಗ್ಗೆ ಹೇಳ್ಬೇಕಂದ್ರೆ ಗಿಟಾರ್ ನುಡಿಸ್ತೀನಿ (ಸುಮಾರಾಗಿ), ಕುಡಿಯೋದು ಹೆಚ್ಚುಕಮ್ಮಿ ಇಲ್ಲ, ಜಪಾನೀಸ್ ಒಂದಕ್ಷರ ಬರಲ್ಲ, ಒಬ್ನೇ ಹೋಗ್ತಿರೋದು. ತಂಗಿ ಫ್ಯಾಷನ್ ಡಿಸೈನ್ ಓದ್ತಿದಾಳೆ, ಅವಳೊಂದು ಪಟ್ಟಿ ಕೊಟ್ಟಿದಾಳೆ, ಅದ್ರಲ್ಲಿರೋ ಅರ್ಧ ಹೆಸರು ಓದೋಕೇ ನಾಲಿಗೆ ಹೊರಳಲ್ಲ. ಇನ್ನೊಂದು ಡೌಟು, ಮ್ಯಾಪಲ್ಲಿ ನೋಡಿದ್ರೆ ಒಂದೇ ಪಿನ್ ಮೇಲೆ ಹತ್ತು ಜಾಗ ತೋರಿಸುತ್ತೆ, ಬಾರು, ಕ್ಲಿನಿಕ್ಕು, ರೆಕಾರ್ಡ್ ಅಂಗಡಿ ಎಲ್ಲ ಒಂದೇ ಕಡೆ. ಮ್ಯಾಪ್ ಸರಿ ಇಲ್ವಾ?

ಹಳೇಕ್ಯಾಸೆಟ್

ಗುರು, ನಿನ್ನ ಕೊನೇ ಪ್ರಶ್ನೇನೇ ಮೊದಲು ತಗೋತೀನಿ ಯಾಕಂದ್ರೆ ಅದು ಅರ್ಥ ಆದ್ರೆ ಅರ್ಧ ಟೋಕಿಯೋ ಅರ್ಥ ಆದಂಗೆ. ಮ್ಯಾಪ್ ಸರಿಯಾಗೇ ಇದೆ. ಅಲ್ಲಿ ಆ ಹತ್ತೂ ಒಂದ್ರ ಮೇಲೊಂದು ಕೂತಿವೆ. ಕೈಯಗಲ ಸೈಟಲ್ಲಿ ಎಂಟೊಂಬತ್ತು ಮಹಡಿ ಎಬ್ಬಿಸಿರ್ತಾರೆ, ಕೆಳಗೆ ಔಷಧಿ ಅಂಗಡಿ, ಅದರ ಮೇಲೆ ಹಲ್ಲಿನ ಡಾಕ್ಟ್ರು, ಅದರ ಮೇಲೆ ಹಳೇ ರೆಕಾರ್ಡು, ಅದರ ಮೇಲೆ ಆರು ಸೀಟಿನ ಬಾರು, ನೆಲಮಾಳಿಗೇಲಿ ಬ್ಯಾಂಡ್ ಬಾರಿಸೋ ಜಾಗ. ಇಂಥದಕ್ಕೆ ಝಕ್ಕ್ಯೋ ಬಿರು ಅಂತಾರೆ, ಬಿರು ಅಂದ್ರೆ ಬಿಲ್ಡಿಂಗೇ, ಅವರ ಬಾಯಲ್ಲಿ ಹಂಗಾಗಿದೆ. ಗೋಡೆಗೆ ಉದ್ದಕ್ಕೆ ಒಂದು ಬೋರ್ಡ್ ಅಂಟಿರುತ್ತೆ, ಮಹಡಿಗೊಂದು ಹೆಸರು. ರಸ್ತೆ ಮಟ್ಟದ್ದೇ 1ಎಫ್, ಗ್ರೌಂಡ್ ಫ್ಲೋರ್ ಅಂತ ಬೇರೆ ಇಲ್ಲ, ಬಿ1 ಅಂದ್ರೆ ಕೆಳಗೆ. ನಾನು ಅಲ್ಲಿದ್ದಾಗ ಮೊದಲ ಎರಡು ತಿಂಗಳು ರಸ್ತೆ ಮಟ್ಟದಲ್ಲಿ ಮಾತ್ರ ಕಣ್ಣಿಟ್ಕೊಂಡು ಓಡಾಡಿ, ಒಂಬತ್ತಾದ್ಮೇಲೆ ಈ ಊರಲ್ಲಿ ಏನೂ ಇಲ್ಲ ಅಂತ ಮನೆಗೆ ಫೋನ್ ಮಾಡಿ ಹೇಳಿದ್ದೆ. ನನ್ನ ತಲೆ ಮೇಲೇನೇ ಎಲ್ಲ ನಡೀತಿತ್ತು, ಕಾಲ ಕೆಳಗೂ ನಡೀತಿತ್ತು. ಕೆಲವು ಕಡೆ ಲಿಫ್ಟ್ ಬಾಗಿಲು ತೆಗೆದ್ರೆ ನೇರ ಬಾರ್ ಒಳಗೇ ನಿಂತಿರ್ತೀಯ, ವಾಪಸ್ ಹೋಗೋಕೆ ನಾಚ್ಕೆ ಆಗಿ ಕೂತ್ಕೊಂಡಿದ್ದೂ ಉಂಟು.

ಗಿಟಾರ್ ನುಡಿಸ್ತೀನಿ ಅಂದ್ಯಲ್ಲ, ಹಂಗಾದ್ರೆ ಕ್ಲಬ್ಬಿಗಿಂತ ಮೊದಲು ಲೈವ್ ಹೌಸ್‌ಗೆ ಹೋಗು. ಲೈವ್ ಹೌಸ್ ಅಂದ್ರೆ ಬ್ಯಾಂಡ್ ನೋಡೋಕೆ ಅಂತಲೇ ಇರೋ ಸಣ್ಣ ಹಾಲು, ಹೆಚ್ಚಿನವು ನೆಲಮಾಳಿಗೇಲಿ. ಶಿಂಜುಕುನಲ್ಲೇ ಲಾಫ್ಟ್ ಇದೆ, 1976ರಲ್ಲಿ ಶುರುವಾಗಿದ್ದು, 1999ರಿಂದ ಅಲ್ಲೇ ಕಾಬುಕಿಚೋ ಅನ್ನೋ ಏರಿಯಾದಲ್ಲಿದೆ. ಜಾಝ್ ಬೇಕಂದ್ರೆ ಪಿಟ್ ಇನ್, 1965ರದ್ದು, ಅದೂ ಶಿಂಜುಕುನೇ. ಶಿಮೋಕಿತಝಾವಾ ಏರಿಯಾದಲ್ಲಂತೂ ಹೆಜ್ಜೆಗೊಂದು. ಟಿಕೆಟ್ ಸಾಮಾನ್ಯವಾಗಿ 2500ರಿಂದ 4000 ಯೆನ್, ಅದರ ಮೇಲೆ ಡ್ರಿಂಕ್ ಅಂತ ಒಂದು 600 ಯೆನ್ ಬಾಗಿಲಲ್ಲೇ ತಗೋತಾರೆ, ಬೇಡ ಅನ್ನಂಗಿಲ್ಲ. ಆಲ್ಕೋಹಾಲ್ ಕಡ್ಡಾಯ ಏನಿಲ್ಲ, ಟೋಕನ್ ಕೊಟ್ಟು ಊಲಾಂಗ್ ಟೀ ತಗೊಂಡ್ರೆ ಆಯ್ತು. ಒಂದು ಯೆನ್ ಅಂದ್ರೆ ಅರ್ಧ ರೂಪಾಯಿ ಮೇಲೆ ಸ್ವಲ್ಪ ಅಂತ ಲೆಕ್ಕ ಇಟ್ಕೊ.

ಬಾಗಿಲಲ್ಲಿ ಟಿಕೆಟ್ ಕೊಡೋವಾಗ ಒಂದು ಪ್ರಶ್ನೆ ಕೇಳ್ತಾರೆ, ಇವತ್ತು ಯಾವ ಬ್ಯಾಂಡ್ ನೋಡೋಕೆ ಬಂದ್ರಿ ಅಂತ. ಮೊದಲನೇ ಸಲ ನಾನು ಪಾಸ್‌ಪೋರ್ಟ್ ಕೇಳ್ತಿದಾರೆ ಅಂದ್ಕೊಂಡು ತೆಗೆದು ತೋರಿಸಿದ್ದೆ. ಆ ಪ್ರಶ್ನೆ ಹಿಂದೆ ಒಂದು ಲೆಕ್ಕಾಚಾರ ಇದೆ. ಅಲ್ಲಿ ಸಣ್ಣ ಬ್ಯಾಂಡುಗಳಿಗೆ ನೋರುಮಾ ಅಂತ ಒಂದು ಕಟ್ಟುಪಾಡು, ಇಷ್ಟು ಟಿಕೆಟ್ ನೀವೇ ಮಾರಿಸ್ಬೇಕು, ಕಮ್ಮಿ ಬಿದ್ರೆ ಆ ದುಡ್ಡು ಬ್ಯಾಂಡಿನವರೇ ಕೈಯಿಂದ ಕಟ್ಬೇಕು. ಬಾಗಿಲಲ್ಲಿ ಕೂತವನು ಯಾರ ಹೆಸರಿನ ಮುಂದೆ ಗೀಟು ಹಾಕ್ತಾನೋ ಆ ಲೆಕ್ಕದಲ್ಲಿ ನೀನು ಸೇರ್ತೀಯ. ಆಫೀಸ್ ಮುಗಿಸಿ ಗಿಟಾರ್ ಬೆನ್ನಿಗೆ ಹಾಕ್ಕೊಂಡು ಬಂದು, ಮೂವತ್ತು ಜನದ ಮುಂದೆ ಪ್ರಾಣ ಬಿಟ್ಟು ಬಾರಿಸಿ, ಆಮೇಲೆ ಕೈಯಿಂದ ದುಡ್ಡು ಕಟ್ಟಿ ಹೋಗೋ ಹುಡುಗ್ರನ್ನ ನಾನು ಅಲ್ಲಿ ನೋಡಿದೀನಿ. ಆ ಊರಿನ ಮ್ಯೂಸಿಕ್ ಸೀನ್ ಅಂದ್ರೆ ನಂಗೆ ನೆನಪಾಗೋದು ಅದೇ. ಶೋ ಆರೂವರೆ ಏಳಕ್ಕೆಲ್ಲ ಶುರು, ಒಂಬತ್ತೂವರೆ ಹತ್ತಕ್ಕೆ ಮುಗೀತು, ಹೇಳಿದ ಟೈಮಿಗೇ ಶುರುವಾಗುತ್ತೆ, ಲೇಟಾಗಿ ಹೋದ್ರೆ ಮೊದಲನೇ ಬ್ಯಾಂಡ್ ಹೋಯ್ತು.

ಈಗ ರಾತ್ರಿ ವಿಷ್ಯ. ಟೋಕಿಯೋ ರಾತ್ರಿಗೆ ಗಡಿಯಾರ ಅಂದ್ರೆ ಕೊನೇ ಟ್ರೈನು. ಹನ್ನೆರಡು ಹನ್ನೆರಡೂವರೆಗೆಲ್ಲ ಹೆಚ್ಚುಕಡಿಮೆ ಎಲ್ಲ ಲೈನು ಬಂದ್, ಮತ್ತೆ ಶುರುವಾಗೋದು ಬೆಳಗ್ಗೆ ನಾಲ್ಕೂವರೆ ಐದಕ್ಕೆ. ಟ್ಯಾಕ್ಸಿ ಮೀಟರ್ ನೋಡಿದ್ರೆ ಎದೆ ಧಸಕ್ ಅನ್ನುತ್ತೆ. ಅದಕ್ಕೇ ಹನ್ನೊಂದು ಮುಕ್ಕಾಲಿಗೆ ಊರೇ ಎರಡು ಪಾಲಾಗುತ್ತೆ, ಅರ್ಧ ಜನ ಸ್ಟೇಷನ್ ಕಡೆ ಓಡ್ತಾರೆ, ಉಳಿದವರು ಇನ್ನು ಬೆಳಗ್ಗೆ ತನಕ ಅಂತ ತೀರ್ಮಾನ ಮಾಡಿರ್ತಾರೆ. ಕ್ಲಬ್ಬುಗಳು ನಿಜವಾಗ್ಲೂ ತುಂಬೋದು ಒಂದು ಗಂಟೆ ಮೇಲೆ. ನಿನ್ನ ಹೋಟೆಲ್ ಶಿಂಜುಕುನಲ್ಲೇ ಇರೋದು ಪುಣ್ಯ.

ಕ್ಲಬ್ಬಿಗೆ ಪಾಸ್‌ಪೋರ್ಟ್ ಒರಿಜಿನಲ್ಲೇ ಬೇಕು, 20 ತುಂಬಿರ್ಬೇಕು, ಫೋನಲ್ಲಿರೋ ಫೋಟೋ ತೋರಿಸಿದ್ರೆ ಬಿಡಲ್ಲ. ಒಂದ್ ತಮಾಷೆ ಕೇಳು, ಹತ್ತು ವರ್ಷದ ಹಿಂದಿನ ತನಕ ಆ ಊರಲ್ಲಿ ಮಧ್ಯರಾತ್ರಿ ಮೇಲೆ ಕುಣಿಯೋದು ಕಾನೂನಿಗೆ ವಿರುದ್ಧ. 1948ರ ಕಾನೂನು ಅದು, ಯುದ್ಧ ಮುಗಿದ ಕಾಲದಲ್ಲಿ ಡ್ಯಾನ್ಸ್ ಹಾಲ್ ಹೆಸರಲ್ಲಿ ವೇಶ್ಯಾವಾಟಿಕೆ ನಡೀತಿತ್ತು ಅಂತ ತಂದಿದ್ದು. ಎಷ್ಟೋ ವರ್ಷ ಪೊಲೀಸರು ಕಂಡೂ ಕಾಣದಂಗಿದ್ರು, 2010ರ ನಂತರ ಒಸಾಕಾದಲ್ಲಿ ಶುರುಮಾಡಿ ರೇಡ್ ಮೇಲೆ ರೇಡ್ ಆಯ್ತು, ಡಿಜೆ ಹಾಕೋ ಜಾಗದಲ್ಲೇ 'ಇಲ್ಲಿ ಕುಣಿಯಬಾರದು' ಅಂತ ಬೋರ್ಡ್ ಬಿತ್ತು. ಕಲಾವಿದರು, ವಕೀಲರು ಎಲ್ಲ ಸೇರಿ ಸಹಿ ಸಂಗ್ರಹ ಮಾಡಿ ಹೋರಾಡಿ 2015ರಲ್ಲಿ ತಿದ್ದುಪಡಿ ಆಯ್ತು, 2016ರ ಜೂನ್‌ನಿಂದ ಜಾರಿ. ಅದಕ್ಕೂ ಒಂದು ಷರತ್ತು, ಒಳಗೆ ಬೆಳಕು 10 ಲಕ್ಸ್‌ಗಿಂತ ಜಾಸ್ತಿ ಇರ್ಬೇಕು. ಸಿನಿಮಾ ಹಾಲಲ್ಲಿ ಶೋ ಶುರುವಾಗೋ ಮುಂಚೆ ಇರುತ್ತಲ್ಲ, ಸುಮಾರು ಅಷ್ಟು ಬೆಳಕು. ಶಿಬುಯಾದ ಮಾರುಯಾಮಾಚೋದಲ್ಲಿ ವೂಮ್ ಅಂತ ಒಂದು ಕ್ಲಬ್ ಇದೆ, 2000ದಿಂದ ನಡೀತಿದೆ, ಟೆಕ್ನೋ ಇಷ್ಟ ಇದ್ರೆ ಒಂದ್ ಸಲ ಸಾಕು.

ಕುಡಿಯಲ್ಲ ಅಂದಿದ್ದಕ್ಕೆ ಇನ್ನೊಂದು. ಶಿಬುಯಾ ಡೋಗೆನ್‌ಝಾಕಾ ಏರಿ ಬಲಗಡೆ ಗಲ್ಲಿಗೆ ನುಗ್ಗಿದ್ರೆ ಲಯನ್ ಅಂತ ಕಾಫಿ ಅಂಗಡಿ ಸಿಗುತ್ತೆ. 1926ರಲ್ಲಿ ಶುರು, ಯುದ್ಧದಲ್ಲಿ ಸುಟ್ಟುಹೋಗಿ 1950ರಲ್ಲಿ ಮತ್ತೆ ಕಟ್ಟಿದ್ದು. ಒಳಗೆ ಎರಡು ಮಹಡಿ ಎತ್ತರದ ಮರದ ಸ್ಪೀಕರ್, ಕುರ್ಚಿಗಳೆಲ್ಲ ಅದರ ಕಡೆಗೇ ಮುಖ ಮಾಡ್ಕೊಂಡಿವೆ, ಬಸ್ಸಲ್ಲಿ ಕೂತಂಗೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಹಾಕ್ತಾರೆ. ಮಾತಾಡಂಗಿಲ್ಲ, ಫೋಟೋ ತೆಗೆಯಂಗಿಲ್ಲ. ಹಿಂದೆ ಹೊರದೇಶದ ರೆಕಾರ್ಡು, ಒಳ್ಳೆ ಸ್ಪೀಕರು ಯಾರಿಗೂ ಕೈಗೆಟುಕ್ತಾ ಇರ್ಲಿಲ್ಲ, ಒಂದು ಕಾಫಿ ದುಡ್ಡಲ್ಲಿ ಕೇಳೋಕೆ ಅಂತ ಹುಟ್ಟಿದ ಅಂಗಡಿಗಳಿವು. ಜಾಝ್‌ಗೂ ಬೇರೆ ಇವೆ.

ಗಿಟಾರ್ ಬೀದಿ ಹೇಳೋದು ಮರ್ತೆ, ಓಚಾನೊಮಿಝು ಸ್ಟೇಷನ್‌ನಿಂದ ಕೆಳಗಿಳಿಯೋ ರಸ್ತೆ ಉದ್ದಕ್ಕೂ ಗಿಟಾರ್ ಅಂಗಡಿಗಳು. ಕ್ರೆಡಿಟ್ ಕಾರ್ಡ್ ಹೋಟೆಲಲ್ಲಿ ಬಿಟ್ಟು ಹೋಗು.

ಮೂಗುದಾರ

ಮೇಲಿನವ್ರು ಎಲ್ಲ ಚೆನ್ನಾಗಿ ಬರ್ದಿದಾರೆ ಆದ್ರೆ ಗುಲಾಬಿ ಕನ್ನಡಕ ಸ್ವಲ್ಪ ಜಾಸ್ತಿ ಆಯ್ತು. ನಾನು ಹೋಗಿದ್ದು ಆರೇ ದಿನ, ಅದ್ರಲ್ಲಿ ಒಂದು ರಾತ್ರಿಯ ಕಥೆ ಕೇಳಿ. ಕಾಬುಕಿಚೋದಲ್ಲಿ ನಾನು ನನ್ ಫ್ರೆಂಡು ನಡ್ಕೊಂಡು ಹೋಗ್ತಿದ್ವಿ, ಒಬ್ಬ ಸೂಟ್ ಹಾಕಿರೋನು ಬಂದು ಇಂಗ್ಲಿಷಲ್ಲಿ ಚೆನ್ನಾಗಿ ಮಾತಾಡ್ಸಿ ಒಬ್ರಿಗೆ 3000 ಯೆನ್, ಒಂದು ಗಂಟೆ ಎಷ್ಟ್ ಬೇಕಾದ್ರೂ ಕುಡೀರಿ ಅಂದ. ಲಿಫ್ಟಲ್ಲಿ ಐದನೇ ಮಹಡಿಗೆ ಕರ್ಕೊಂಡ್ ಹೋದ. ಎರಡು ಬಿಯರು, ಒಂದು ತಟ್ಟೆ ಕಡ್ಲೆಬೀಜ. ಬಿಲ್ಲು 58,000. ಟೇಬಲ್ ಚಾರ್ಜು, ಸರ್ವೀಸ್ ಚಾರ್ಜು, ಐಸ್ ಚಾರ್ಜು ಅಂತೆ. ಐಸ್! ಬಾಗಿಲ ಹತ್ರ ಇಬ್ರು ನಿಂತಿದ್ರು, ಹೊಡೀಲಿಲ್ಲ ಬೈಲಿಲ್ಲ, ಸುಮ್ನೆ ನಿಂತಿದ್ರು ಅಷ್ಟೆ. ಕಾರ್ಡ್ ಕೊಟ್ಟು ಬಂದ್ವಿ. ಕೆಳಗಿಳಿದ್ರೆ ಅದೇ ರಸ್ತೇಲಿ ಮೈಕಲ್ಲಿ ಅನೌನ್ಸ್‌ಮೆಂಟು, ಬೀದೀಲಿ ಕರೆಯೋರ ಹಿಂದೆ ಹೋಗ್ಬೇಡಿ ಮೋಸ ಮಾಡ್ತಾರೆ ಅಂತ, ಇಂಗ್ಲಿಷಲ್ಲೂ ಬರ್ತಿತ್ತು. ಹೋಗೋವಾಗ್ಲೂ ಬರ್ತಿತ್ತೇನೋ, ನಾವು ಕಿವಿಗೆ ಹಾಕ್ಕೊಂಡಿರ್ಲಿಲ್ಲ.

ಹಂಗಾಗಿ ರೂಲ್ ಒಂದೇ. ಬೀದೀಲಿ ಯಾರಾದ್ರೂ ಕರೆದ್ರೆ ಹೋಗ್ಬೇಡಿ, ಅದು ಎಂಥಾ ನಗುಮುಖ ಆಗಿರ್ಲಿ. ಒಳ್ಳೆ ಜಾಗದವ್ರು ಬೀದಿಗೆ ಬಂದು ಕರೆಯಲ್ಲ.

ಹಳೇಕ್ಯಾಸೆಟ್

@ಮೂಗುದಾರ ಒಪ್ಕೋತೀನಿ, ಇದು ನಾನೇ ಮೊದಲು ಬರೀಬೇಕಿತ್ತು. ಇಂಥ ಸುಲಿಗೆಗೆ ಅಲ್ಲಿ ಬೊತ್ತಕುರಿ ಅಂತ ಹೆಸರೇ ಇದೆ. ಹಂಗಂತ ಸಣ್ಣ ಬಾರುಗಳಿಗೆಲ್ಲ ಹೆದರ್ಬೇಕಾಗಿಲ್ಲ. ಅಲ್ಲೇ ಪಕ್ಕದಲ್ಲಿ ಗೋಲ್ಡನ್ ಗಾಯ್ ಇದೆ, ಆರು ಸಣ್ಣ ಓಣಿ, ಇನ್ನೂರಕ್ಕೂ ಮೇಲೆ ಬಾರು, ಒಂದೊಂದ್ರಲ್ಲಿ ಐದಾರು ಜನ ಕೂತ್ರೆ ಏಳನೆಯವನು ಹೊರಗೆ. ಯುದ್ಧ ಆದ್ಮೇಲೆ ಕಳ್ಳಸಂತೆ ಇದ್ದಿದ್ದು, ಆಮೇಲೆ ಸೂಳೆಗೇರಿ ಆಗಿ, 1958ರಲ್ಲಿ ಅದು ನಿಂತ್ಮೇಲೆ ಬಾರಾಗಿ ಬರಹಗಾರರು, ಸಿನಿಮಾದವರು ಬಂದು ಕೂರೋ ಜಾಗ ಆಯ್ತು. ಅಲ್ಲಿ ಕೂತಿದ್ದಕ್ಕೇ ಅಂತ ಒಂದು ಚಾರ್ಜ್ ಇರುತ್ತೆ, 500ರಿಂದ 1000 ಯೆನ್, ಕೆಲವು ಕಡೆ ಜಾಸ್ತಿ, ಬಾಗಿಲಲ್ಲೇ ಬರ್ದಿರ್ತಾರೆ. ಬರೆದಿಲ್ಲ ಅಂದ್ರೆ ಕೇಳು. ಕೆಲವು ಪರಿಚಯದವರಿಗೆ ಮಾತ್ರ, ಬೇಜಾರ್ ಮಾಡ್ಕೊಳ್ದೆ ಮುಂದಿನ ಬಾಗಿಲಿಗೆ ಹೋಗು.

ಅಂದಹಾಗೆ ಕಾಬುಕಿಚೋದಲ್ಲಿ ಕಾಬುಕಿ (ಅವರ ಹಳೇ ಕಾಲದ ನಾಟಕ) ಥಿಯೇಟರ್ ಕಟ್ತೀವಿ ಅಂತ ಹೆಸರಿಟ್ರು, ಕಟ್ಲೇ ಇಲ್ಲ, ಹೆಸರು ಮಾತ್ರ ಉಳೀತು.

ಸೂಜಿದಾರ

ತಂಗಿ ಪಟ್ಟಿ ಅಂದಿದ್ದಕ್ಕೆ ಬಂದೆ 😀 ಅದ್ರಲ್ಲಿ ಕವಾಕುಬೊ, ಯಾಮಾಮೊಟೊ, ಮಿಯಾಕೆ ಈ ಮೂರು ಡಿಸೈನರ್‌ಗಳ ಹೆಸರು ಇದ್ದೇ ಇರ್ತವೆ, ಬೇಕಾದ್ರೆ ತೆಗೆದು ನೋಡಿ. ಮೂರೂ ಅಂಗಡಿ ಅಓಯಾಮಾದಲ್ಲಿವೆ, ಒಮೊತೆಸಾಂದೊ ಸ್ಟೇಷನ್ ಇಳಿದು ನಡೆಯೋ ದೂರದಲ್ಲಿ. ರೇ ಕವಾಕುಬೊ ಕೋಮ್ ದೆ ಗಾರ್ಸೋನ್ ಅನ್ನೋ ಬ್ರ್ಯಾಂಡ್ ಶುರು ಮಾಡಿದ್ದು 1969ರಲ್ಲಿ. 1981ರಲ್ಲಿ ಅವ್ರೂ ಯೋಜಿ ಯಾಮಾಮೊಟೊನೂ ಪ್ಯಾರಿಸ್‌ಗೆ ಹೋಗಿ ಕಪ್ಪು ಬಟ್ಟೆ, ಹರಿದಂಗೆ ಕಾಣೋದು, ಮೈಗೆ ಅಂಟದೇ ಇರೋದು ಎಲ್ಲ ತೋರಿಸಿದಾಗ ಅಲ್ಲಿಯವರು ಇದು ಬಟ್ಟೆನೋ ಚಿಂದಿನೋ ಅಂತ ಬೈದಿದ್ರು. ಈಗ ಎಲ್ಲರ ಬೀರುನಲ್ಲೂ ಅಂಥದ್ದೊಂದು ಇದೆ. ಒಳಗೆ ಹೋಗೋಕೆ ಹಿಂಜರೀಬೇಡಿ, ಕೊಳ್ಳಲ್ಲ ಅಂತ ಮುಖದಲ್ಲೇ ಗೊತ್ತಾದ್ರೂ ಯಾರೂ ಏನೂ ಅನ್ನಲ್ಲ. ಮಿಯಾಕೆ ಅಂಗಡೀಲಿ ಪ್ಲೀಟ್ಸ್ ಇರೋದನ್ನ ಕೈಯಲ್ಲಿ ಮುಟ್ಟಿ ನೋಡಿ. ಸಾಮಾನ್ಯವಾಗಿ ಬಟ್ಟೆಗೆ ನಿರಿಗೆ ಹಿಡಿದು ಆಮೇಲೆ ಕತ್ತರಿಸಿ ಹೊಲೀತಾರೆ ಅಲ್ವಾ, ಇವ್ರು ಉಲ್ಟಾ, ಎರಡೂವರೆ ಮೂರು ಪಟ್ಟು ದೊಡ್ಡದಾಗಿ ಪೂರ್ತಿ ಹೊಲಿದು, ಕಾಗದದ ಮಧ್ಯ ಇಟ್ಟು ಬಿಸಿ ಪ್ರೆಸ್ ಕೊಡ್ತಾರೆ. ಪಾಲಿಯೆಸ್ಟರ್ ಆಗಿರೋದ್ರಿಂದ ಆ ನಿರಿಗೆ ಹಂಗೇ ಕೂತ್ಬಿಡುತ್ತೆ, ಮುದುರಿ ಬ್ಯಾಗಿಗೆ ತುರುಕಿದ್ರೂ ಏನಾಗಲ್ಲ. ತಂಗಿಗೆ ವಿಡಿಯೋ ಕಾಲ್ ಮಾಡಿ ತೋರಿಸ್ತೀನಿ ಅಂದ್ರೆ ಮೊದಲು ಅಂಗಡಿಯವರನ್ನ ಕೇಳಿ, ಸುಮಾರು ಕಡೆ ಫೋಟೋ ಬಿಡಲ್ಲ.

ಆ ಅಂಗಡಿಗಳ ರೇಟಿಗೆ ನಮ್ ನಿಮ್ಮಂಥೋರು ಕೈ ಹಾಕೋಕಾಗಲ್ಲ, ಅದಕ್ಕೆ ದಾರಿ ರ‍್ಯಾಗ್‌ಟ್ಯಾಗ್ ಅಂತ ಸೆಕೆಂಡ್ ಹ್ಯಾಂಡ್ ಡಿಸೈನರ್ ಬಟ್ಟೆ ಮಾರೋ ಅಂಗಡಿ. ಇನ್ನು ಬರೀ ಹಳೇ ಬಟ್ಟೆ, ಫುರುಗಿ ಅಂತಾರೆ ಅದಕ್ಕೆ, ಅದಕ್ಕೆ ಶಿಮೋಕಿತಝಾವಾ ಮತ್ತೆ ಕೋಎಂಜಿ. ಶಿಂಜುಕುಯಿಂದ ಓಡಾಕ್ಯು ಲೈನಲ್ಲಿ ಶಿಮೋಕಿತ ಹತ್ತು ನಿಮಿಷನೂ ಇಲ್ಲ. 2013ರಲ್ಲಿ ಆ ಟ್ರೈನ್ ಲೈನ್ ನೆಲದಡಿಗೆ ಹಾಕಿದ್ಮೇಲೆ ಮೇಲೆ ಉಳಿದ ಉದ್ದ ಜಾಗದಲ್ಲಿ ಸಣ್ಣ ಸಣ್ಣ ಅಂಗಡಿಗಳನ್ನ ಮಾಡಿದಾರೆ, ಹಳಬರು ಊರು ಹಾಳಾಯ್ತು ಅಂತಾರೆ, ನಂಗೆ ಚೆನ್ನಾಗೇ ಅನ್ನಿಸ್ತು. ಆದ್ರೆ ನನ್ನ ಮನಸ್ಸು ಕೋಎಂಜಿ ಮೇಲೇ, ಅಲ್ಲಿ ಜನ ಹಾಕ್ಕೊಂಡಿರೋದು ನೋಡಿದ್ರೆ ಯಾರಿಗೋಸ್ಕರನೂ ಅಲ್ಲ ಅನ್ಸುತ್ತೆ. ವೀಕೆಂಡಲ್ಲಿ ಹೋದ್ರೆ ಹುಷಾರು, ಶನಿವಾರ ಭಾನುವಾರ ಚುವೋ ಲೈನ್‌ನ ಕಿತ್ತಳೆ ಬಣ್ಣದ ರ‍್ಯಾಪಿಡ್ ಟ್ರೈನ್ ಕೋಎಂಜಿಲಿ ನಿಲ್ಲಲ್ಲ, ಹಳದಿ ಗೀಟಿನ ಲೋಕಲ್ ಹತ್ಬೇಕು. ನಾನು ಕಿಟಕಿಯಿಂದ ಕೋಎಂಜಿಗೆ ಟಾಟಾ ಮಾಡ್ಕೊಂಡು ಮುಂದೆ ಹೋಗಿದೀನಿ, ಎರಡು ಸಲ.

ಸೈಜು. ಅಲ್ಲಿಯ ಎಂ ಅಂದ್ರೆ ನಮ್ಮ ಎಸ್ ಅನ್ಕೊಳ್ಳಿ. ಹಳೇ ಬಟ್ಟೆ ಅಂಗಡೀಲಿ ಸುಮಾರು ಕಡೆ ಚೀಟೀಲಿ ಭುಜ, ಎದೆ ಅಗಲ, ಉದ್ದ ಅಂತ ಸೆಂಟಿಮೀಟರಲ್ಲಿ ಬರ್ದಿರ್ತಾರೆ, ಎಸ್ ಎಂ ಎಲ್ ನಂಬೋ ಬದ್ಲು ಅದನ್ನ ನಂಬಿ. ಹೊರಡೋ ಮುಂಚೆ ನಿಮಗೆ ಸರಿಯಾಗಿ ಕೂರೋ ಒಂದು ಶರ್ಟು, ತಂಗಿಯ ಒಂದು ಜಾಕೆಟ್ಟು ನೆಲಕ್ಕೆ ಹರಡಿ ಟೇಪಿಟ್ಟು ಅಳೆದು ಫೋನಲ್ಲಿ ಬರ್ಕೊಂಡು ಹೋಗಿ. ಟ್ರಯಲ್ ರೂಮಿಗೆ ಚಪ್ಪಲಿ ಬಿಟ್ಟು ಹೋಗ್ಬೇಕು. ಅಲ್ಲಿ ಟಿಶ್ಯೂ ಥರ ಒಂದು ತೆಳ್ಳಗಿನ ಚೀಲ ಇಟ್ಟಿರ್ತಾರೆ, ಮುಖಕ್ಕೆ ಹಾಕ್ಕೊಂಡು ಬಟ್ಟೆ ತೊಡೋಕೆ, ಮೇಕಪ್ ಬಟ್ಟೆಗೆ ತಾಗ್ದಿರ್ಲಿ ಅಂತ. ನಾನು ಮೊದಲ ದಿನ ಅದು ಶವರ್ ಕ್ಯಾಪ್ ಅನ್ಕೊಂಡಿದ್ದೆ.

ಹರಾಜುಕು ಬಗ್ಗೆ ಎಲ್ರೂ ಹೇಳ್ತಾರೆ, ನಾನು ಸ್ವಲ್ಪ ತಣ್ಣೀರು ಎರಚ್ತೀನಿ. ಅಲ್ಲಿಯ ತಾಕೆಶಿತಾ ಬೀದಿ ಈಗ ಜಾತ್ರೆ, ನೋಡೋರು ಜಾಸ್ತಿ ಹಾಕ್ಕೊಳ್ಳೋರು ಕಮ್ಮಿ. ಹಿಂದೆ ಭಾನುವಾರ ಅಲ್ಲಿ ಒಂದು ದೊಡ್ಡ ರಸ್ತೆಗೆ ಗಾಡಿ ಬಿಡ್ತಿರ್ಲಿಲ್ಲ, 1977ರಿಂದ, ಹುಡುಗ್ರು ಬಂದು ಕುಣಿಯೋದು, ಬ್ಯಾಂಡ್ ಬಾರಿಸೋದು, ತಾವೇ ಹೊಲಿದ ಬಟ್ಟೆ ಹಾಕ್ಕೊಂಡು ಅಡ್ಡಾಡೋದು ಎಲ್ಲ ನಡೀತಿತ್ತು. 1998ರಲ್ಲಿ ಅದನ್ನ ನಿಲ್ಲಿಸಿದ್ರು. ಆ ಹುಡುಗ್ರ ಫೋಟೋ ತೆಗೆದು 1997ರಿಂದ ಫ್ರೂಟ್ಸ್ ಅಂತ ತಿಂಗಳ ಪತ್ರಿಕೆ ಮಾಡ್ತಿದ್ದ ಶೋಇಚಿ ಅಓಕಿ 2017ರಲ್ಲಿ ಪತ್ರಿಕೆ ನಿಲ್ಲಿಸಿದ್ರು, ಫೋಟೋ ತೆಗೆಯೋಂಥ ಮಕ್ಕಳೇ ಕಾಣ್ತಿಲ್ಲ ಅಂತ. ಜೊತೆಗೂಡಿ ತೋರಿಸ್ಕೊಳ್ಳೋಕೆ ಒಂದು ರಸ್ತೆ ಇತ್ತು, ಅದು ಹೋಯ್ತು ನೋಡಿ.

ಇನ್ನೊಂದು ಮಾತ್ರ ತಪ್ಪಿಸ್ಬೇಡಿ. ನಿಮ್ಮ ಹೋಟೆಲ್ ಹತ್ರಾನೇ ಬುಂಕಾ ಫ್ಯಾಷನ್ ಕಾಲೇಜ್ ಇದೆ, ಯೋಜಿ ಯಾಮಾಮೊಟೊ, ಕೆಂಝೊ ತಕಾದ ಓದಿದ್ದು ಅಲ್ಲೇ. ಸಾಮಾನ್ಯವಾಗಿ ನವೆಂಬರ್ ಶುರುವಲ್ಲಿ ಅವರ ಕಾಲೇಜು ಹಬ್ಬ, ವಿದ್ಯಾರ್ಥಿಗಳು ಹೊಲಿದಿರೋದ್ರ ಫ್ಯಾಷನ್ ಶೋ ಇರುತ್ತೆ, ಡೇಟ್ ನೋಡ್ಕೊಂಡು ಹೋಗಿ. ಹಬ್ಬ ಇಲ್ದಿದ್ರೂ ಕಾಲೇಜು ಬಿಡೋ ಹೊತ್ತಿಗೆ ಆ ಕಡೆ ರಸ್ತೇಲಿ ನಡ್ಕೊಂಡು ಬಂದ್ರೆ ಸಾಕು, ತಾಕೆಶಿತಾ ಬೀದೀಲಿ ಸಿಗದೇ ಇರೋದು ಅಲ್ಲಿ ಸಿಗುತ್ತೆ.

ಗಾಂಧಿಕ್ಲಾಸ್

ಎಲ್ಲಾರೂ ಹಾಡು ಬಟ್ಟಿ ಅಂತ ಬರದೀರಿ, ಸಿನಿಮಾ ಯಾರೂ ಮುಟ್ಟಿಲ್ಲ, ಅದಕ್ಕ ನಾ ಬರೀತೀನಿ. ನಾ ಎರಡು ವರ್ಷ ಇದ್ದೆ, ವಾರಕ್ಕ ಒಂದು ಸಿನಿಮಾ ತಪ್ಪಿಸಿಲ್ಲ.

ಮದಲನೇದು, ದೊಡ್ಡ ಚೈನ್ ಥಿಯೇಟರ್‌ನ್ಯಾಗ ಟಿಕೆಟ್ 2000 ಯೆನ್ ಐತ್ರಿ, 2023ರಿಂದ. ಭಾಳ ಆತು ಅನಿಸ್ತದ. ತಿಂಗಳ 1ನೇ ತಾರೀಕಿಗೆ ಡಿಸ್ಕೌಂಟ್ ಇರ್ತದ, ರಾತ್ರಿ ಎಂಟರ ಮ್ಯಾಲಿನ ಶೋಕ್ಕೂ ಕಡಿಮಿ. ನವೆಂಬರ್ 1 ನಿಮ್ಮ ಟ್ರಿಪ್‌ನ್ಯಾಗ ಬರ್ತದ, ಅವತ್ತು ಹೋಗ್ರಿ. ಸಿನಿಮಾ ಮುಗದು ಹೆಸರು ಬರೂ ಮುಂದ ಯಾರೂ ಏಳಂಗಿಲ್ಲ, ಕಡೀ ಅಕ್ಷರ ಹೋಗಿ ಲೈಟ್ ಹತ್ತೂ ತನಕ ಕೂತಿರ್ತಾರ. ನಾ ಮದಲ ಸಲ ಎದ್ದು ನಿಂತು ಇಡೀ ಸಾಲಿನ ಮಂದಿ ಮುಂದ ಬಾಗಿ ಬಾಗಿ ದಾಟಿ ಹ್ವಾದೆ, ಹೊರಗ ಬಂದು ನೋಡಿದ್ರ ನಾ ಒಬ್ಬನ.

ಜಪಾನೀ ಸಿನಿಮಾಕ್ಕ ಇಂಗ್ಲಿಷ್ ಸಬ್‌ಟೈಟಲ್ ಇರೂದು ಅಪರೂಪ. ಅದಕ್ಕ ಉಪಾಯ, ನಿಮ್ಮ ಟೈಮಿಗೇ ಟೋಕಿಯೋ ಇಂಟರ್‌ನ್ಯಾಷನಲ್ ಫಿಲ್ಮ್ ಫೆಸ್ಟಿವಲ್ ಬರ್ತದ, ಅಕ್ಟೋಬರ್ ಕಡೀ ವಾರದಿಂದ ನವೆಂಬರ್ ಶುರುಕ. 1985ರಿಂದ ನಡದೈತಿ, 2021ರಿಂದ ಹಿಬಿಯಾ, ಯುರಾಕುಚೋ, ಗಿಂಝಾ ಕಡೆ ಮಾಡ್ತಾರ. ಅಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಸಿಗ್ತಾವ. ಹಳೇ ಸಿನಿಮಾ ಹುಚ್ಚಿದ್ರ ಕ್ಯೋಬಾಶಿಯೊಳಗ ನ್ಯಾಷನಲ್ ಫಿಲ್ಮ್ ಆರ್ಕೈವ್ ಐತಿ, ಟಿಕೆಟ್ 500 ಯೆನ್ ಆಸುಪಾಸು. ಭಾಷಾ ತಿಳೀಲಿಲ್ಲ ಅಂದ್ರೂ ಪ್ರಿಂಟ್ ನೋಡಾಕ ಹೋಗ್ರಿ.

ಖರೇ ಮಜಾ ಅಂದ್ರ ಮಿನಿ ಥಿಯೇಟರ್. ಸಣ್ಣ ಸಣ್ಣ ಹಾಲು, ತಮಗ ಬೇಕಾದ್ದು ಆರಿಸಿ ಹಾಕ್ತಾರ. ಶಿಬುಯಾದಾಗ ಯೂರೋಸ್ಪೇಸ್ ಐತಿ, ಅದ ಬಿಲ್ಡಿಂಗ್‌ನ್ಯಾಗ ಒಂದ ಮಹಡಿ ಮ್ಯಾಲೆ ಸಿನೆಮಾವೆರಾ, ಅಲ್ಲಿ ಹಳೇವು ಹಾಕ್ತಾರ. ತಾಕಾದನೋಬಾಬಾದಾಗ ವಾಸೆದಾ ಶೋಚಿಕು, ಒಂದ ಟಿಕೆಟ್‌ಗೆ ಎರಡು ಸಿನಿಮಾ. ಆದ್ರ ಇವು ಒಂದೊಂದ ಬಾಗಲಾ ಹಾಕಾಕತ್ತಾವ. ಜಿಂಬೋಚೋದ ಇವಾನಾಮಿ ಹಾಲ್ 1968ರಿಂದ ಇತ್ತು, 2022ರ ಜುಲೈಗೆ ಮುಚ್ಚಿಬಿಟ್ರು. 1974ರಾಗ ಅವರು ಜಗತ್ತಿನ ಒಳ್ಳೇ ಸಿನಿಮಾ ತೋರಸ್ತೀವಿ ಅಂತ ಹೊಂಟಾಗ ಮದಲ ಹಾಕಿದ್ದು ನಮ್ಮ ಸತ್ಯಜಿತ್ ರೇ ಅವರ ಅಪುರ್ ಸಂಸಾರ್. ಮಿನಿ ಥಿಯೇಟರ್ ಅನ್ನೂದು ಅಲ್ಲಿ ಬೆಳದದ್ದ ಆ ಹಾಲಿನಿಂದ ಅಂತ ಹೇಳ್ತಾರ. ನಾ ಮುಚ್ಚಿದ ಮ್ಯಾಲೆ ಹೋಗಿ ಬಾಗಲಾ ನೋಡಿ ಬಂದೆ.

ಇನ್ನ ನಮ್ಮ ಮಸಾಲೆ ಸುದ್ದಿ ಕೇಳ್ರಿ. 1998ರಾಗ ರಜನಿಕಾಂತ್ ಮುತ್ತು ಶಿಬುಯಾದ ಸಿನಿಮಾ ರೈಸ್ ಅನ್ನೂ ಸಣ್ಣ ಥಿಯೇಟರ್‌ನ್ಯಾಗ ಇಪ್ಪತ್ತಮೂರು ವಾರ ಓಡೈತಿ. ಆರ್‌ಆರ್‌ಆರ್ 2022ರ ಅಕ್ಟೋಬರ್‌ಗೆ ಬಂದು 200 ಕೋಟಿ ಯೆನ್ ದಾಟಿತು, ಆಮ್ಯಾಲೆ 2024ರಾಗ ಟಕರಾಝುಕಾ ಅಂತ ಬರೇ ಹೆಣಮಕ್ಕಳ ನಾಟಕ ಕಂಪನಿ ಅದನ್ನ ಸ್ಟೇಜ್ ಮ್ಯಾಲೆ ಮಾಡ್ತು, ಭೀಮನೂ ರಾಮನೂ ಹೆಣಮಕ್ಕಳ. ನಮ್ಮ ಕೆಜಿಎಫ್ ಎರಡೂ ಭಾಗ 2023ರ ಜುಲೈ 14ಕ್ಕ ಒಮ್ಮೆಲೆ ಬಿಡುಗಡೆ ಆದ್ವು.

ಮತ್ತ ಮಸಾಲಾ ಶೋ ಅಂತ ಹೇಳಿ ಸ್ಪೆಷಲ್ ಶೋ ಮಾಡ್ತಾರ್ರೀ. ಏನಂದ್ರ, ಯಾವಾಗಲೂ ಉಸಿರು ಬಿಗಿಹಿಡದು ಕೂಡೂ ಮಂದಿ ಅವತ್ತು ಕೂಗಬೌದು, ಚಪ್ಪಾಳಿ ಹೊಡೀಬೌದು, ಕಾಗದದ ಚೂರು ತೂರಬೌದು, ಪಾರ್ಟಿ ಪಾಪ್ಪರ್ ಹಾರಸಬೌದು. ನಾ ಒಂದಕ್ಕ ಹೋಗಿದ್ದೆ. ನನ್ನ ಬಾಜೂಕ ಅರವತ್ತರ ಆಸುಪಾಸಿನ ಒಬ್ಬಾಕಿ ಅಜ್ಜಿ, ಸೀರಿ ಉಟಗೊಂಡು ಬಂದಿದ್ಲು, ಸೀರಿಗೆ ಪಿನ್ ಹಾಕೂದು ನನಗಿಂತ ಚಂದ ಗೊತ್ತಾಕಿಗೆ. ಮಡಿಲಾಗ ಒಂದು ಚೀಲ, ಅದರಾಗ ಮನ್ಯಾಗ ಕತ್ತರಿಸಿದ ಬಣ್ಣದ ಕಾಗದ, ನನಗೂ ಒಂದು ಹಿಡಿ ಕೊಟ್ಲು, ಹೀರೋ ಎಂಟ್ರಿಗೆ ಅಂತ ಕೈಸನ್ನಿ ಮಾಡಿದ್ಲು. ಹೀರೋ ಬಂದ, ಹಾಲೆಲ್ಲಾ ಎದ್ದು ತೂರಿದ್ದ ತೂರಿದ್ದು, ನಾ ಸೀಟಿ ಹೊಡದೆ, ಮುಂದಿನ ಸಾಲಿನವ್ರು ತಿರುಗಿ ನೋಡಿ ಚಪ್ಪಾಳಿ ಹೊಡದ್ರು, ನನಗ! ಸಿನಿಮಾ ಮುಗೀತು, ಲೈಟ್ ಹತ್ತಿತು. ಅಜ್ಜಿ ಚೀಲದಿಂದ ಒಂದು ಸಣ್ಣ ಕಸಬರಿಗಿ, ಕಸದ ಮೊರ ತಗದ್ಲು. ಎಲ್ಲಾರೂ ತಮ್ಮ ತಮ್ಮ ಸೀಟಿನ ಕೆಳಗ ಕಸಾ ಹೊಡದು ಚೀಲಕ್ಕ ತುಂಬಿ ಹ್ವಾದ್ರು. ನನ್ನ ಕೈಯಾಗ ಏನೂ ಇರ್ಲಿಲ್ಲ, ಕೈಲೆ ಆರಿಸಿದೆ.

ಕೊನೇಬೆಂಚ್_ಗಿಟಾರು

ಅಯ್ಯಪ್ಪಾ, ಇಷ್ಟು ಯಾರೂ ಬರೀತೀರ ಅಂತ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. @ಸೂಜಿದಾರ ಮೇಡಂ, ಪಟ್ಟೀಲಿ ನೀವು ಹೇಳಿದ ಮೂರೂ ಹೆಸರು ಇವೆ, ತಂಗಿ ಈಗ ಟೇಪ್ ಹಿಡ್ಕೊಂಡು ಜಾಕೆಟ್ ಅಳೀತಿದಾಳೆ. @ಗಾಂಧಿಕ್ಲಾಸ್ ಸರ್, ಸಣ್ಣ ಕಸಪೊರಕೆ ಲಗೇಜಿಗೆ ಸೇರ್ಸಿದೀನಿ 😀

ಮೂರು ಡೌಟು. ಒಂದು, ಅಕ್ಟೋಬರ್ 31ಕ್ಕೆ ಶಿಬುಯಾದಲ್ಲಿ ಹ್ಯಾಲೋವೀನ್ ಜೋರು ಅಂತ ವಿಡಿಯೋ ನೋಡಿದೆ, ಹೋಗ್ಲಾ? ಎರಡು, ಕೊನೇ ಟ್ರೈನ್ ತಪ್ಪಿಸ್ಕೊಂಡು ಕ್ಲಬ್ಬೂ ಬೇಜಾರಾದ್ರೆ ಎಲ್ಲಿ ಕೂರೋದು? ಮೂರು, ಲೈವ್ ಹೌಸ್ ಬಾಗಿಲಲ್ಲಿ ಯಾವ ಬ್ಯಾಂಡ್ ಅಂತ ಕೇಳಿದ್ರೆ ನಂಗೆ ಒಂದೂ ಗೊತ್ತಿರಲ್ವಲ್ಲ, ಏನ್ ಹೇಳ್ಲಿ?

ಸೂಜಿದಾರ

ಹ್ಯಾಲೋವೀನ್ ವಿಡಿಯೋಗಳೆಲ್ಲ ಹಳೇವು. ಈಗ ಶಿಬುಯಾ ಆಡಳಿತದವ್ರೇ ದಯವಿಟ್ಟು ಬರ್ಬೇಡಿ ಅಂತ ಬೋರ್ಡ್ ಹಾಕ್ತಾರೆ. 2024ರ ಅಕ್ಟೋಬರ್‌ನಿಂದ ಸ್ಟೇಷನ್ ಸುತ್ತಮುತ್ತ ಸಂಜೆ 6ರಿಂದ ಬೆಳಗ್ಗೆ 5ರ ತನಕ ರಸ್ತೇಲಿ ಕುಡಿಯೋದು ವರ್ಷಪೂರ್ತಿ ನಿಷೇಧ. ಹೋದ್ರೆ ಪೊಲೀಸರ ಸೀಟಿ, ಬ್ಯಾರಿಕೇಡ್, ನಿಮ್ಮಂಗೆ ನೋಡೋಕೆ ಬಂದೋರು, ಅಷ್ಟೇ. ಆ ದಿನ ಕೋಎಂಜಿಗೆ ಹೋಗಿ.

ಹಳೇಕ್ಯಾಸೆಟ್

ಎರಡನೇದಕ್ಕೆ ಉತ್ತರ ಕರೋಕೆ. ಬೆಳಗ್ಗೆ ಐದರ ತನಕ ಅಂತ ರೂಮ್ ಸಿಗುತ್ತೆ, ಒಬ್ನೇ ಹೋದ್ರೂ ಯಾರೂ ವಿಚಿತ್ರವಾಗಿ ನೋಡಲ್ಲ, ಒಬ್ಬರೇ ಹಾಡೋದಕ್ಕೆ ಹಿತೊಕಾರಾ ಅಂತ ಹೆಸರೇ ಇದೆ. ಕೆಲವು ಕಡೆ ಗಿಟಾರ್ ತಂದು ಪ್ರಾಕ್ಟೀಸ್ ಮಾಡೋಕೂ ಬಿಡ್ತಾರೆ. ಕನ್ನಡ ಹಾಡು ನಂಗಂತೂ ಮೆಷಿನ್‌ನಲ್ಲಿ ಸಿಗ್ಲಿಲ್ಲ, ಫೋನಲ್ಲಿ ಟ್ರ್ಯಾಕ್ ಹಾಕ್ಕೊಂಡು ಮೈಕ್ ಹಿಡಿದು ಹಾಡಿದೀನಿ. ಪಕ್ಕದ ರೂಮಿನ ಆಫೀಸ್ ಅಂಕಲ್ ಒಬ್ರು ಬಾಗಿಲ ಗಾಜಿಂದ ಇಣುಕಿ ಥಂಬ್ಸ್ ಅಪ್ ತೋರಿಸಿ ಹೋದ್ರು, ಟೈ ತಲೆಗೆ ಕಟ್ಕೊಂಡಿದ್ರು.

ಮೂರನೇದು. ಬಾಗಿಲಿಗೆ ಹೋಗೋ ಮುಂಚೆ ಹೊರಗಡೆ ಬೋರ್ಡ್ ನೋಡು, ಅವತ್ತಿನ ನಾಲ್ಕೈದು ಬ್ಯಾಂಡ್ ಹೆಸರು ಬರೆದಿರ್ತಾರೆ. ಅದರ ಫೋಟೋ ತೆಗೆದಿಟ್ಕೊ. ಕೇಳಿದಾಗ ಮೊದಲು ಬಾರಿಸೋ ಬ್ಯಾಂಡಿನ ಹೆಸರಿನ ಮೇಲೆ ಬೆರಳಿಟ್ಟು ತೋರಿಸು, ಅವರಿಗೇ ಜನ ಕಮ್ಮಿ ಬರೋದು. ನಾನು ಹಂಗೆ ಒಂದ್ ಸಲ ಬೆರಳಿಟ್ಟಿದ್ದೆ. ಶೋ ಮುಗಿದ್ಮೇಲೆ ಆ ಬ್ಯಾಂಡಿನ ಡ್ರಮ್ಮರ್ ಹುಡುಗಿ ಮೆಟ್ಟಿಲ ಹತ್ರ ಕಾಯ್ತಾ ನಿಂತಿದ್ಲು, ಬಾಗಿಲಲ್ಲಿ ಯಾರೋ ಹೇಳಿದ್ರಂತೆ, ನಿಮ್ಮ ಲೆಕ್ಕದಲ್ಲಿ ಒಬ್ಬ ಇಂಡಿಯನ್ ಬಂದಿದಾನೆ, ಯಾರಿಗೆ ಪರಿಚಯ ಅಂತ. ಅವ್ರು ನಾಲ್ಕು ಜನಾನೂ ನಿನಗೆ ಗೊತ್ತಾ ನಿನಗೆ ಗೊತ್ತಾ ಅಂತ ಅರ್ಧ ಗಂಟೆಯಿಂದ ಕೇಳ್ಕೋತಾ ಇದ್ರಂತೆ.